ನಾಲ್ಕನೆಯ ರೋಗ

ಸಿಟಿ ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ಹತ್ತಿರ ಮನೆಯಿದ್ದವರು ಆಲೂಗಡ್ಡೆ ಬೆಳೆಯಬಾರದು ಅಂತ ಎಲ್ಲೂ ಕಾನೂನಿಲ್ಲ. ಇದ್ದಿದ್ದರೆ ನನಗೆ, ನನ್ನ ಹೆಂಡತಿಗೆ, ಎದುರುಮನೆ ಮೇಷ್ಟರಿಗೆ, ಕೆಳಗಿನ ಮನೆಯವರ ಬಿಳಿ ಪಂಚೆಗೆ, ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಚಾಮರಾಜಪೇಟೆಯಿಂದ ಆಲೂರು ವೆಂಕಟರಾವ್ ರಸ್ತೆ ಹಿಡಿದು ಟಿಪ್ಪು ಅರಮನೆ, ಕೋಟೆ ವೆಂಕಟರಮಣನ ಗುಡಿ ದಾಟಿದರೆ ಕೃಷ್ಣರಾಜ ಮಾರುಕಟ್ಟೆ. 1928ರಿಂದ ಅದು ಊರಿಗೆಲ್ಲ ತರಕಾರಿ ಹಂಚುತ್ತಿದೆ. ಮೇಲ್ಸೇತುವೆಯ ಕೆಳಗೆ, ಮೆಟ್ರೋ ಬಾಗಿಲ ಪಕ್ಕ, ಕಾಲಿಟ್ಟಲ್ಲೆಲ್ಲ ಗೋಣಿಚೀಲದ ಬಾಯಿ ಬಿಚ್ಚಿ ಆಲೂಗಡ್ಡೆ ಗುಡ್ಡೆ ಹಾಕಿರುತ್ತಾರೆ. ಆ ಗುಡ್ಡೆಗಳನ್ನು ಎಡವಿಕೊಂಡೇ ದೊಡ್ಡವನಾದ ನನಗೆ ಅದನ್ನು ತಾರಸಿಯ ಮೇಲೆ ಬೆಳೆಯಬೇಕು ಅನ್ನಿಸಿದ್ದಕ್ಕೆ ಕಾರಣ ಆಲೂಗಡ್ಡೆಯಲ್ಲ, ಟೊಮೇಟೊ.

2023ರ ಜುಲೈ ನೆನಪಿದೆಯಲ್ಲ? ಟೊಮೇಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಕೋಲಾರದ ಮಂಡಿಯಲ್ಲಿ 15 ಕೆಜಿಯ ಒಂದು ಬಾಕ್ಸು ಎರಡು ಸಾವಿರಕ್ಕೂ ಮೇಲೆ ಹರಾಜಾಗುತ್ತಿತ್ತು. ನಮ್ಮ ಮನೆಯ ಸಾರಿಗೆ ಹುಣಸೆಹಣ್ಣು ಮರಳಿ ಅಧಿಕಾರಕ್ಕೆ ಬಂತು. ಒಂದು ರಾತ್ರಿ ಊಟದ ನಡುವೆ ನಾನು ಸ್ವಾವಲಂಬನೆಯ ಬಗ್ಗೆ ಚಿಕ್ಕ ಭಾಷಣ ಮಾಡಿದೆ. ಮಣ್ಣು ಯಾವುದು, ಚೀಲ ಯಾವುದು, ಗೊಬ್ಬರ ಯಾವುದು ಅಂತ ಓದಿ ತಿಳಿದು ಮುಗಿಸುವಷ್ಟರಲ್ಲಿ ಟೊಮೇಟೊ ಬೆಲೆ ಬಿದ್ದು, ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿಯುವ ಕಾಲ ಬಂದಿತ್ತು. ಆದರೆ ಚೀಲಗಳು ಬಂದಾಗಿತ್ತು. ಭಾಷಣವೂ ಆಗಿಹೋಗಿತ್ತು. ಹೀಗಾಗಿ 2024ರಲ್ಲಿ ಬೇಸಾಯ ಶುರುವಾಯಿತು.

ಬೀಜದ ವಿಷಯದಲ್ಲಿ ನಾನು ಅಗ್ಗಕ್ಕೆ ಹೋಗಲಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಂದೆ. ಮೂರು ರೋಗಗಳನ್ನು ತಡೆದುಕೊಳ್ಳುವ ತಳಿ ಅದು. ಈ ‘ಮೂರು ರೋಗ’ ಅನ್ನುವುದನ್ನು ನಾನು ಬಂದವರಿಗೆಲ್ಲ ಹೇಳಿದೆ. ಯಾವ ಮೂರು ಅಂತ ಯಾರೂ ಕೇಳಲಿಲ್ಲ, ಅದೃಷ್ಟಕ್ಕೆ ನಾನೂ ಕೇಳಿರಲಿಲ್ಲ. ಎದುರುಮನೆ ಮೇಷ್ಟ್ರು ಮಾತ್ರ ತಮ್ಮ ತಾರಸಿಯಿಂದಲೇ, “ಎಲೆ ಮುದುರು, ದುಂಡಾಣು ಸೊರಗು, ಮೊದಲ ಅಂಗಮಾರಿ. ಸರಿ. ನಾಲ್ಕನೇದಕ್ಕೆ ಏನ್ ಮಾಡ್ತೀರಿ?” ಅಂದರು. ನಿವೃತ್ತ ಗಣಿತದ ಮೇಷ್ಟ್ರು. ಎಲ್ಲದಕ್ಕೂ ಮುಂದಿನ ಸಂಖ್ಯೆ ಕೇಳುವ ಚಾಳಿ ಇರಬೇಕು ಅಂದುಕೊಂಡು ನಕ್ಕು ಸುಮ್ಮನಾದೆ.

ಅವರು ಕೇಳಿದ್ದು ಕೊನೆಯ ಅಂಗಮಾರಿಯ ವಿಷಯ. ರೈತರು ಅಂಗಮಾರಿ ಅಂತಲೂ ಲೇಟ್ ಬ್ಲೈಟ್ ಅಂತಲೂ ಕರೆಯುವ, ಆಲೂಗಡ್ಡೆಗೂ ಟೊಮೇಟೊಗೂ ಒಂದೇ ಬಾಣದಲ್ಲಿ ಗುರಿಯಿಡುವ ಪೀಡೆ. ನಾನು ಮಾಡಬಾರದಿದ್ದ ಕೆಲಸವೆಂದರೆ ಇವೆರಡನ್ನೂ ಒಂದೇ ತಾರಸಿಯಲ್ಲಿ ಮೈಗೆ ಮೈ ತಾಗಿಸಿ ಇಡುವುದು. ನಾನು ಮಾಡಿದ ಮೊದಲ ಕೆಲಸವೂ ಅದೇ. ಟೊಮೇಟೊ ಚೀಲಗಳ ನಡುವೆ ಜಾಗ ಉಳಿದಿತ್ತು. ಖಾಲಿ ಜಾಗ ಕಂಡರೆ ಸೈಟು ಮಾಡುವ ಊರಿನವನು ನಾನು. ಅಲ್ಲಿ ಆಲೂಗಡ್ಡೆ ಹಾಕಿದರೆ ಮಸಾಲೆ ದೋಸೆಯ ಪಲ್ಯವೂ ಮನೆಯದೇ ಆಗುತ್ತದಲ್ಲ ಅಂತ ಲೆಕ್ಕ ಹಾಕಿದೆ.

ಗಣೇಶನ ಹಬ್ಬದ ಆಸುಪಾಸಿನಲ್ಲಿ ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋದೆ. ಹೂವಿನವರ ಗದ್ದಲ, “ಸೈಡ್ ಸೈಡ್” ಅಂತ ತಲೆ ಮೇಲೆ ಮೂಟೆ ಹೊತ್ತು ನುಗ್ಗುವ ಹಮಾಲಿಗಳು, ಕಾಲ ಕೆಳಗೆ ಕೊಚ್ಚೆ. ಆಲೂಗಡ್ಡೆ ಮಾರುವ ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಳಕೆ ಬಂದಿದ್ದನ್ನೇ ಆರಿಸತೊಡಗಿದೆ.

“ಅದ್ಯಾಕ್ ಸಾಮಿ ಮೊಳ್ಕೆ ಬಂದಿರೋದು? ಹಳೇ ಮಾಲು, ಕೋಲ್ಡ್ ಸ್ಟೋರೇಜಿಂದು. ಹೊಸ ಹಾಸನ ಇಲ್ಲಿದೆ ನೋಡಿ.”

“ತಿನ್ನಕ್ಕಲ್ಲಮ್ಮ, ನೆಡಕ್ಕೆ.”

ಆಯಮ್ಮ ನನ್ನ ಚಪ್ಪಲಿಯಿಂದ ಕನ್ನಡಕದವರೆಗೆ ಒಂದು ಸಲ ನೋಡಿದರು. ಆಮೇಲೆ, ಕೊಳ್ಳುವವರ ತಲೆಯ ಬಗ್ಗೆ ವ್ಯಾಪಾರಿಗಳು ಚಿಂತಿಸಬಾರದು ಎಂಬ ಸಿದ್ಧಾಂತಕ್ಕೆ ಬಂದವರಂತೆ ತೂಗಿಕೊಟ್ಟರು. ಚೌಕಾಸಿ ಮಾಡಿದ್ದಕ್ಕೆ ಕೊಸರು ಬೇರೆ. ಹಾಸನದ ಹೊಸ ಮಾಲಿನಿಂದ ಎರಡು ಗಡ್ಡೆ ತೆಗೆದು ಚೀಲಕ್ಕೆ ಹಾಕಿದರು. ಅವುಗಳ ಮೈಮೇಲೆ ಕಂದು ಬಣ್ಣದ, ಸ್ವಲ್ಪ ತಗ್ಗಾದ ಮಚ್ಚೆಗಳಿದ್ದವು. ಕೊಸರಿಗೆ ಬಂದಿದ್ದರಲ್ಲಿ ಹುಳುಕು ಹುಡುಕುವುದು ಸಂಸ್ಕಾರವಲ್ಲ ಅಂತ ಸುಮ್ಮನೆ ಚೀಲ ಹೆಗಲಿಗೇರಿಸಿದೆ.

ಮೂಟೆ ಇಳಿಸಿ ಬೀಡಿ ಹಚ್ಚುತ್ತಿದ್ದ ಹಮಾಲಿಯೊಬ್ಬರು ಎಲ್ಲ ಕೇಳಿಸಿಕೊಂಡಿದ್ದರು. “ಬಿತ್ನೆಗಾ ಸಾರ್?” ಅಂದರು. ಊರು ಅರಕಲಗೂಡಿನ ಕಡೆ. ಅವರ ಹೊಲದಲ್ಲೂ ಆಲೂಗಡ್ಡೆಯೇ ಬೆಳೆಯುತ್ತಿದ್ದರಂತೆ. ಹಾಸನದ ಕಡೆ ಮೇ-ಜೂನ್‌ನಲ್ಲಿ ಮುಂಗಾರಿಗೆ ನೆಟ್ಟು ಆಗಸ್ಟ್-ಸೆಪ್ಟೆಂಬರಿಗೆ ಕೀಳುವುದು. ಬಿತ್ತನೆ ಗಡ್ಡೆ ಬರುವುದು ದೂರದ ಜಲಂಧರದಿಂದ. ತಳಿ ಹೆಚ್ಚಾಗಿ ಕುಫ್ರಿ ಜ್ಯೋತಿ. ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಅದನ್ನು ಹೊರತಂದಾಗ ಅಂಗಮಾರಿಯನ್ನು ತಡೆದುಕೊಳ್ಳುತ್ತದೆ ಅನ್ನುವುದೇ ಅದರ ಹೆಗ್ಗಳಿಕೆ. ವರ್ಷ ಕಳೆದಂತೆ ರೋಗ ದಾರಿ ಹುಡುಕಿಕೊಂಡಿತು. ಆ ಮನುಷ್ಯ ಇದನ್ನೆಲ್ಲ ಹೀಗೆ ಹೇಳಲಿಲ್ಲ. ಅವರು ಹೇಳಿದ್ದು ಇಷ್ಟು: “ಸೋಮ್ವಾರ ನೋಡ್ದಾಗ ಹೊಲ ಹಸ್ರಾಗಿತ್ತು ಸಾರ್. ವಾರ ಪೂರ್ತಿ ಸೋನೆ ಹಿಡೀತು. ಮುಂದಿನ್ ಸೋಮ್ವಾರ ಹೋದ್ರೆ ಬೆಂಕಿ ಬಿದ್ದಂಗೆ ಕರ್ರಗಾಗಿತ್ತು. ಬ್ಯಾಂಕ್ ಸಾಲ ಮಾತ್ರ ಹಂಗೇ ಇತ್ತು.” ಆಮೇಲೆ ಊರಿನವರು ಒಬ್ಬೊಬ್ಬರಾಗಿ ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರಂತೆ. ಅವರು ಮಾರ್ಕೆಟ್ಟಿಗೆ ಬಂದರು. ನಾನು ಸಹಾನುಭೂತಿಯಿಂದ ತಲೆಯಾಡಿಸಿ, ನನ್ನದು ತಾರಸಿ, ಅಲ್ಲಿಗೆ ಇವೆಲ್ಲ ಬರುವುದಿಲ್ಲ ಎಂಬ ಅರ್ಥ ಬರುವ ಏನೋ ಒಂದನ್ನು ಹೇಳಿದೆ. ಅವರು ಬೀಡಿ ಆರಿಸಿ ಇನ್ನೊಂದು ಮೂಟೆ ಎತ್ತಿಕೊಂಡರು.

ಬರುವುದಿಲ್ಲ ಅಂದರೂ ನಾನು ಮೈಮರೆತವನಲ್ಲ. ಅಂಗಮಾರಿಯನ್ನು ಕಾಯುವುದು ಹೇಗೆ ಅಂತ ಓದಿಕೊಂಡೆ. ಇಂಗ್ಲೆಂಡಿನವರು 1956ರಲ್ಲೇ ಇದಕ್ಕೊಂದು ಸೂತ್ರ ಮಾಡಿಟ್ಟಿದ್ದಾರೆ: ಸತತ ಎರಡು ದಿನ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯದೆ, ದಿನಕ್ಕೆ 11 ಗಂಟೆಯಾದರೂ ಗಾಳಿಯ ತೇವಾಂಶ ಶೇಕಡ 90ರ ಮೇಲಿದ್ದರೆ ಎಚ್ಚರಿಕೆ ಗಂಟೆ ಬಾರಿಸಿ. 2017ರಲ್ಲಿ ಅದನ್ನು ಬಿಗಿ ಮಾಡಿ 11ರ ಬದಲು 6 ಗಂಟೆ ಸಾಕು ಅಂದರು. ಎಸ್‌ಪಿ ರಸ್ತೆಗೆ ಹೋಗಿ ತೇವಾಂಶ ಅಳೆಯುವ ಪುಟ್ಟ ಯಂತ್ರವೊಂದನ್ನು ತಂದು ನೀರಿನ ಟ್ಯಾಂಕಿನ ಕಂಬಕ್ಕೆ ನೇತುಹಾಕಿದೆ. ಒಂದು ರಿಜಿಸ್ಟರ್ ತೆರೆದೆ. ಕೆಂಪು ಶಾಯಿ, ನೀಲಿ ಶಾಯಿ.

ಬೆಂಗಳೂರಿನಲ್ಲಿ ಈ ಸೂತ್ರದ ಮೊದಲರ್ಧ ಯಾವಾಗಲೂ ಪಾಸು. ಇಲ್ಲಿ ಉಷ್ಣತೆ 10ರ ಕೆಳಗೆ ಇಳಿಯುವುದೇ ಅಪರೂಪ. 1884ರ ಜನವರಿ 13ರಂದು 7.8ಕ್ಕೆ ಇಳಿದದ್ದು ಇವತ್ತಿಗೂ ದಾಖಲೆ. ಇನ್ನು ತೇವಾಂಶ. ಸೆಪ್ಟೆಂಬರ್ ರಾತ್ರಿಗಳಲ್ಲಿ ನಮ್ಮ ಮನೆಯ ಉಪ್ಪಿನ ಡಬ್ಬಿಯೇ ಅದಕ್ಕೆ ಸಾಕ್ಷಿ ಹೇಳುತ್ತದೆ. ಹೀಗಾಗಿ ಎಚ್ಚರಿಕೆ ಗಂಟೆ ಮೊದಲ ವಾರವೇ ಹೊಡೆಯಿತು. ಎರಡನೇ ವಾರವೂ ಹೊಡೆಯಿತು. ಆಮೇಲೆ ನಿಲ್ಲಲೇ ಇಲ್ಲ. ರಿಜಿಸ್ಟರ್ ತುಂಬ ಕೆಂಪು ಶಾಯಿ. ದಿನವೂ ಅಪಾಯವೇ ಆದರೆ ಅದು ಅಪಾಯವೋ ಹವಾಮಾನವೋ ಹೇಳುವುದು ಕಷ್ಟ. ಕೊನೆಗೆ ನಾನು ಯಂತ್ರವನ್ನು ನೋಡುತ್ತಿದ್ದೆ, ಆಕಾಶ ನೋಡುತ್ತಿದ್ದೆ, ರಿಜಿಸ್ಟರ್ ನೋಡುತ್ತಿದ್ದೆ. ಗಿಡ ನೋಡುತ್ತಿರಲಿಲ್ಲ.

ಮೇಷ್ಟರದ್ದು ಇದಕ್ಕೆ ತದ್ವಿರುದ್ಧ. ಅವರ ಹತ್ತಿರ ಇದ್ದದ್ದು ಕೆಲವೇ ಕುಂಡಗಳು, ಒಂದು ಕನ್ನಡಕ, ಒಂದು ಲೋಟ ಕಾಫಿ. ಬೆಳಗ್ಗೆ ಕಾಫಿ ಹಿಡಿದು ಬಂದು ಒಂದೊಂದೇ ಎಲೆಯನ್ನು ಮಗುಚಿ ಕೆಳಮೈ ನೋಡುವುದು, ಮುಂದಿನ ಗಿಡಕ್ಕೆ ಹೋಗುವುದು. ಕೆಳಗಿನ ಎಲೆಗಳನ್ನು ಕತ್ತರಿಸಿ ಗಿಡದ ಬುಡದಲ್ಲಿ ಗಾಳಿಯಾಡುವ ಹಾಗೆ ಮಾಡಿದ್ದರು. ಗಿಡಕ್ಕೆ ಕೋಲು ಕಟ್ಟಿ, ನೀರನ್ನು ಬೆಳಗ್ಗೆ ಬುಡಕ್ಕೆ ಮಾತ್ರ ಹಾಕುತ್ತಿದ್ದರು. ನಾನೋ, ಸಂಜೆ ಆಫೀಸಿಂದ ಬಂದವನೇ ಪೈಪು ಹಿಡಿದು ನೆತ್ತಿಯಿಂದ ಅಭ್ಯಂಜನ ಮಾಡಿಸುತ್ತಿದ್ದೆ. ರಾತ್ರಿಯಿಡೀ ಎಲೆ ಒದ್ದೆಯಾಗಿರಬೇಕು, ಚಳಿ 15ರಿಂದ 22 ಡಿಗ್ರಿ ಇರಬೇಕು, ಗಿಡಗಳು ಒತ್ತೊತ್ತಾಗಿರಬೇಕು, ಅಂಗಮಾರಿಗೆ ಬೇಕಾದ್ದು ಇಷ್ಟೇ. ಚಳಿ ಬೆಂಗಳೂರಿನ ಕೊಡುಗೆ. ಮಿಕ್ಕಿದ್ದು ನನ್ನದು.

ಅಕ್ಟೋಬರ್ ಶುರುವಿನಲ್ಲಿ ಟೊಮೇಟೊ ಗಿಡದ ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕೆ ಕಂಡಿತು. ಹತ್ತಿರದಿಂದ ನೋಡಿದರೆ ಒಂದರೊಳಗೊಂದು ಉಂಗುರ. ಅದು ಮೊದಲ ಅಂಗಮಾರಿ. ನಿಧಾನದ ರೋಗ, ಕೆಳಗಿನ ಹಣ್ಣೆಲೆಯಿಂದ ಮೇಲಕ್ಕೆ ಹತ್ತಲು ಸಮಯ ತೆಗೆದುಕೊಳ್ಳುತ್ತದೆ. ಅದೂ ಅರ್ಕಾ ರಕ್ಷಕ್ ಸಹಿಸಿಕೊಳ್ಳುವ ಮೂರರಲ್ಲಿ ಒಂದು. ಎಲೆ ಕಿತ್ತು ಬಿಸಾಡಿದ್ದರೆ ಮುಗಿಯುತ್ತಿತ್ತು. ನಾನು ಮನೆಯಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದೆ. ಹುಳಿ ಮಜ್ಜಿಗೆಗೆ ನೀರು ಬೆರೆಸಿ ಹೊಡೆದರೆ ಬೂಷ್ಟು ಹತ್ತಿರ ಬರುವುದಿಲ್ಲ ಅಂತ ಯಾರೋ ಹೇಳಿದ್ದು ನೆನಪಾಯಿತು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ತುಂಬಿ ಟೊಮೇಟೊ ಗಿಡಕ್ಕೆಲ್ಲ ಮಜ್ಜಿಗೆ ಕುಡಿಸಿದೆ. ಮಧ್ಯಾಹ್ನದ ಊಟಕ್ಕೆ ಮನೆಮಂದಿಗೆ ಮಜ್ಜಿಗೆ ಸಿಗಲಿಲ್ಲ.

ಅದರ ಮುಂದಿನ ವಾರ ಮಳೆ ಬಂತು. ಆ ಅಕ್ಟೋಬರಿನ ಮಳೆ ಬೆಂಗಳೂರಿನವರಿಗೆ ನೆನಪಿರಲೇಬೇಕು. ರಸ್ತೆಗಳಲ್ಲಿ ದೋಣಿ ಬಂದಿತ್ತು. ಚಾಮರಾಜಪೇಟೆಗೆ ದೋಣಿ ಬರಲಿಲ್ಲ, ಆದರೆ ದಿನಗಟ್ಟಲೆ ಬಿಸಿಲೂ ಬರಲಿಲ್ಲ. ಒಂದು ಬೆಳಗ್ಗೆ ಬಟ್ಟೆ ಒಣಗಲು ಎಲ್ಲಾದರೂ ಜಾಗ ಸಿಗುತ್ತದಾ ಅಂತ ನೋಡಲು ಹೋದ ಹೆಂಡತಿ ಮೇಲಿಂದಲೇ ಕೂಗಿದಳು.

“ರೀ, ಆಲೂಗಡ್ಡೆ ಎಲೆ ಕೆಳಗಡೆ ಬೆಳ್ಳಗೆ ಏನೋ ಇದೆ.”

“ಮಜ್ಜಿಗೆ ಕಣೇ. ಒಣಗಿದೆ.”

“ಮಜ್ಜಿಗೆ ಹೊಡೆದಿದ್ದು ಟೊಮೇಟೊಗೆ.”

“ಗಾಳಿಗೆ ಹಾರಿರತ್ತೆ.”

ಎಲೆಯಂಚಿನಲ್ಲಿ ನೀರು ಕುಡಿದಂಥ ಬೂದುಹಸಿರು ಕಲೆ, ಅದರ ಕೆಳಮೈಯಲ್ಲಿ ಬೆಳಗಿನ ಒದ್ದೆಯಲ್ಲಿ ಮಾತ್ರ ಕಾಣುವ ತೆಳು ಬಿಳಿ ಬೂಷ್ಟು: ಇದಕ್ಕಿಂತ ಸ್ಪಷ್ಟವಾಗಿ ಅಂಗಮಾರಿ ತನ್ನ ವಿಳಾಸ ಕೊಡುವುದಿಲ್ಲ. ಈ ಬಿಳಿಯಲ್ಲೇ ಇರುತ್ತವೆ ಬೀಜಕಗಳು. ಬೂಷ್ಟಿನ ಹಾಗೆ ಕಂಡರೂ ಇದು ನಿಜವಾದ ಶಿಲೀಂಧ್ರವಲ್ಲ, ನೀರಿನ ಪಾಚಿಗಳಿಗೆ ಹತ್ತಿರದ ಸಂಬಂಧಿ. ಎಲೆಯ ಮೇಲಿನ ನೀರಹನಿಯಲ್ಲಿ ಇದರ ಮರಿಗಳು ಬಾಲ ಬೀಸಿಕೊಂಡು ಈಜುತ್ತವೆ. ನಾನು ದಿನಾ ಸಂಜೆ ಪೈಪಿನಲ್ಲಿ ಕಟ್ಟಿಸಿಕೊಡುತ್ತಿದ್ದದ್ದು ಅವುಗಳ ಈಜುಕೊಳ. ಕೊಸರಿನ ಗಡ್ಡೆಯಲ್ಲಿ ಬಂತೋ ಗಾಳಿಯಲ್ಲಿ ಬಂತೋ ಹೇಳಲಾರೆ. ಇದು ಎರಡು ದಾರಿಯಲ್ಲೂ ಬರುತ್ತದೆ. ಮನೆಯವಳು ಕೂಗಿದಾಗ ಆ ಒಂದು ಗಿಡವನ್ನು ಕಿತ್ತಿದ್ದರೆ ಮಿಕ್ಕವು ಉಳಿಯುವ ಸಾಧ್ಯತೆಯಿತ್ತು. ನಾನು ರಿಜಿಸ್ಟರಿನಲ್ಲಿ ‘ಮಜ್ಜಿಗೆ ಒಣಗಿದ ಗುರುತು’ ಅಂತ ನೀಲಿ ಶಾಯಿಯಲ್ಲಿ ಬರೆದೆ.

ನಾಲ್ಕೈದು ದಿನಕ್ಕೆ ಕಾಂಡದ ಮೇಲೆ ಕಪ್ಪು ಪಟ್ಟೆ. ಟೊಮೇಟೊ ಕಾಯಿಗಳ ಭುಜದ ಮೇಲೆ ಎಣ್ಣೆ ಬಿದ್ದಂಥ ಕಂದು ಕಲೆ. ಆಗ ತೀರ್ಥಹಳ್ಳಿಯ ಭಾವನಿಗೆ ಫೋನು ಮಾಡಿದೆ.

ಭಾವ ನನ್ನ ಹೆಂಡತಿಯ ಅಣ್ಣ, ಅಡಿಕೆ ತೋಟದವರು. ನಾನು ವರ್ಣಿಸಿದ್ದನ್ನೆಲ್ಲ ಸಮಾಧಾನವಾಗಿ ಕೇಳಿ, “ಇದು ನಮ್ಮ ಕೊಳೆರೋಗದ ದಾಯಾದಿ ಭಾವ” ಅಂದರು. ಅವರ ಮಾತು ಅಕ್ಷರಶಃ ನಿಜ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಡಿಕೆಕಾಯಿ ಉದುರಿಸುವ ಕೊಳೆರೋಗ, ಅಂದರೆ ಮಹಾಳಿ, ಮತ್ತು ಆಲೂಗಡ್ಡೆಯ ಅಂಗಮಾರಿ ಎರಡೂ ಫೈಟಾಫ್ತೊರಾ ಎಂಬ ಒಂದೇ ಕುಲದವು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಿಗೆ ಹೋಗಿ ಈ ಕೊಳೆರೋಗದ ಬೆನ್ನು ಹತ್ತಿದವರು. ಮುಂದೆ 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ ಶುರುವಾದದ್ದೂ ಅವರ ಕಾಲದಲ್ಲೇ. ಮಳೆಗೆ ಮುಂಚೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಿರಿ ಅಂತ ಅವರು ಹೇಳಿಕೊಟ್ಟದ್ದನ್ನು ಮಲೆನಾಡಿನವರು ಇವತ್ತಿಗೂ ಮಾಡುತ್ತಾರೆ: ಮೈಲುತುತ್ತು, ಸುಣ್ಣ, ನೀರು.

ಈ ದ್ರಾವಣದ ಹುಟ್ಟಿನಲ್ಲೂ ಒಂದು ತಮಾಷೆಯಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯುತ್ತಾರೆ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು-ಸುಣ್ಣ ಎರಚಿ ವಿಷದ ಹಾಗೆ ಕಾಣಿಸುವಂತೆ ಮಾಡುತ್ತಿದ್ದರು. 1882ರಲ್ಲಿ ಅಲ್ಲಿ ಓಡಾಡುತ್ತಿದ್ದ ಪ್ರೊಫೆಸರ್ ಮಿಲಾರ್ಡೆ, ಬೂಷ್ಟು ರೋಗದಲ್ಲಿ ಬೇರೆ ಬಳ್ಳಿಗಳ ಎಲೆಯೆಲ್ಲ ಉದುರಿದ್ದರೂ ಈ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಕಂಡರು. 1885ರಲ್ಲಿ ಲೋಕಕ್ಕೆ ತಿಳಿಸಿದರು. ಕಳ್ಳರಿಗೆ ಹಾಕಿದ ಬಣ್ಣ ಔಷಧಿಯಾಯಿತು. ನನ್ನ ಕೈಯಲ್ಲಿ ಅದು ಮತ್ತೆ ಬಣ್ಣವಾಯಿತು, ಆ ಕಥೆ ಈಗ ಬರುತ್ತದೆ.

ಭಾವ ಫೋನಿನಲ್ಲಿ ಹೇಳಿದ್ದು ಹೀಗೆ. ಲೀಟರ್ ನೀರಿಗೆ ಮೈಲುತುತ್ತು 10 ಗ್ರಾಂ, ಸುಣ್ಣ 10 ಗ್ರಾಂ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತಿನ ನೀರು ಹೊಯ್ಯಬೇಕು, ತಿರುಗುಮುರುಗ ಮಾಡಬಾರದು. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಬಟ್ಟೆಯಲ್ಲಿ ಸೋಸಬೇಕು. ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕು ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ. ಅವತ್ತೇ ಮಾಡಿ ಅವತ್ತೇ ಹೊಡೆಯಬೇಕು. ಕೈಗವಸು, ಮುಖಕ್ಕೆ ಬಟ್ಟೆ. ಕೊನೆಗೆ ಅವರು, “ಆದ್ರೆ ಭಾವ, ಇದು ರೋಗ ಬರೋಕ್ ಮುಂಚಿನ ಔಷಧಿ. ಬಂದ್‌ಮೇಲೆ ಹೊಡೆದ್ರೆ ಗಿಡಕ್ಕೆ ಬಣ್ಣ ಹೊಡ್ದಂಗೆ ಅಷ್ಟೆ” ಅಂದರು. ಫೋನಿನಲ್ಲಿ ಕೊನೆಗೆ ಹೇಳುವ ಮಾತನ್ನು ನಾನು ಸಾಮಾನ್ಯವಾಗಿ ಕೇಳಿಸಿಕೊಳ್ಳುವುದಿಲ್ಲ.

ಮತ್ತೆ ಮಾರ್ಕೆಟ್ಟು. ಗ್ರಂಥಿಗೆ ಅಂಗಡಿಯಲ್ಲಿ ಮೈಲುತುತ್ತು ಕೇಳಿದೆ.

“ಎಷ್ಟು ಕೆಜಿ?”

“ಐವತ್ತು ಗ್ರಾಂ.”

ಅಂಗಡಿಯವರು ತಕ್ಕಡಿ ಬದಲಾಯಿಸಿದರು. ಸುಟ್ಟ ಸುಣ್ಣ ಕೇಳಿದ್ದಕ್ಕೆ ಇಲ್ಲ ಅಂದರು. ಸುಣ್ಣ ಹುಡುಕಿಕೊಂಡು ಇನ್ನೊಂದು ಕಡೆ ಹೋಗುವ ಬದಲು ಪಕ್ಕದ ವೀಳ್ಯದೆಲೆ ಅಂಗಡಿಯಲ್ಲಿ ತಾಂಬೂಲದ ಸುಣ್ಣದ ಡಬ್ಬಿಗಳನ್ನೇ ಕೊಂಡೆ. ಸುಣ್ಣ ಸುಣ್ಣವೇ ತಾನೆ? ಅದರಲ್ಲಿ ಅರ್ಧ ನೀರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ಗಣಿತ ನನಗಿಲ್ಲ. ಅದು ಎದುರುಮನೆಯಲ್ಲಿತ್ತು, ಕೇಳಲಿಲ್ಲ.

ಪ್ಲಾಸ್ಟಿಕ್ ಬಕೆಟ್ ಕೊಡಲು ಮನೆಯವಳು ಒಪ್ಪಲಿಲ್ಲ. ಗಾರೆಯವರು ಬಿಟ್ಟುಹೋಗಿದ್ದ ಕಬ್ಬಿಣದ ಬಾಂಡ್ಲಿ ಮೂಲೆಯಲ್ಲಿತ್ತು. ಅದರಲ್ಲಿ ಮೈಲುತುತ್ತು ಕರಗಿಸಿ, ಮೇಲಿಂದ ಸುಣ್ಣ ಹಾಕಿದೆ, ಅಂದರೆ ಸರಿಯಾಗಿ ತಿರುಗುಮುರುಗ. ಕಲಕುತ್ತ ಕೂತಿದ್ದಾಗ ಬಾಂಡ್ಲಿಯ ಒಳಮೈ ನಿಧಾನವಾಗಿ ಕೆಂಪಗೆ ಹೊಳೆಯತೊಡಗಿತು. ಚಾಕು ಅದ್ದಿದೆ, ಅದೂ ತಾಮ್ರದ ಬಣ್ಣಕ್ಕೆ ತಿರುಗಿತು. ಏನೋ ಗಾಢವಾದ ರಸಾಯನ ಸಿದ್ಧವಾಗಿದೆ ಅಂತ ಸಂತೋಷವಾಯಿತು. ಕೆಂಪಾದರೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಭಾವ ಹೇಳಿದ್ದು ನೆನಪಿತ್ತು. ಯಾವುದು ಅಂತ ನೆನಪಿರಲಿಲ್ಲ. ನಾನು ಒಳ್ಳೆಯದು ಎಂದು ತೀರ್ಮಾನಿಸಿದೆ.

ಸೋಸದ ಸುಣ್ಣ ಇಸ್ತ್ರಿ ಬಾಟಲಿಯ ಮೂತಿಗೆ ಸಿಕ್ಕಿಕೊಂಡು ಮೊದಲ ಚಿಮುಕಿಗೇ ಕಟ್ಟಿಕೊಂಡಿತು. ಬೇರೆ ದಾರಿಯಿರಲಿಲ್ಲ. ಬಾಗಿಲ ತೋರಣದಿಂದ ಮಾವಿನ ಸೊಪ್ಪಿನ ಗೊಂಚಲು ಕಿತ್ತು ತಂದು, ಪುಣ್ಯಾಹದ ನೀರು ಪ್ರೋಕ್ಷಿಸುವ ಪುರೋಹಿತರ ಹಾಗೆ ಅದ್ದಿ ಅದ್ದಿ ಗಿಡಗಳಿಗೆ ಎರಚಿದೆ. ಗಿಡಕ್ಕೆ ಬಿತ್ತು, ಗೋಡೆಗೆ ಬಿತ್ತು, ನನ್ನ ಕನ್ನಡಕಕ್ಕೆ ಬಿತ್ತು. ತಾರಸಿಯ ಅಂಚಿನ ಗಿಡಗಳಿಗೆ ಸ್ವಲ್ಪ ಜೋರಾಗಿಯೇ ಎರಚಿದೆ. ಕೆಳಗಿನ ಮನೆಯ ಹಿರಿಯರು ಬಿಡುವು ಕೊಟ್ಟ ಮಳೆಯನ್ನು ನಂಬಿ, ಮರುದಿನದ ಶ್ರಾದ್ಧಕ್ಕೆಂದು ಮಡಿಪಂಚೆ ಹರವಿದ್ದರು. ಆಮೇಲೆ ಅವರು ಮೇಲೆ ನೋಡಿದರು. ನಾನು ಕೆಳಗೆ ನೋಡಿದೆ. ಪಂಚೆಯ ಮೇಲೆ ನಕ್ಷತ್ರಗಳ ಹಾಗೆ ನೀಲಿ ಚುಕ್ಕೆಗಳು.

“ಏನಪ್ಪಾ ಇದು?”

“ಬೋರ್ಡೋ ದ್ರಾವಣ ಸರ್. ಫ್ರಾನ್ಸಿನದ್ದು.”

ಅವರು ನನ್ನ ಜೊತೆ ಮಾತಾಡಿದ್ದು ಅದೇ ಕೊನೆ. ಈಗ ಮೆಟ್ಟಿಲಲ್ಲಿ ಎದುರಾದರೆ ಪಂಚೆ ಎತ್ತಿಕಟ್ಟಿಕೊಳ್ಳುತ್ತಾರೆ.

ಮರುದಿನ ಮೇಷ್ಟ್ರು ಬಂದು ನೋಡಿದರು. ರೋಗವಿದ್ದ ಎಲೆ ಕಪ್ಪಾಗಿತ್ತು. ರೋಗವಿಲ್ಲದ ಎಲೆ ನನ್ನ ಔಷಧಿಯಿಂದ ಸುಟ್ಟು ಕಂದಾಗಿತ್ತು. “ಇದು ಯಾವ್ದು ಅಂಗಮಾರಿ, ಯಾವ್ದು ನೀವು?” ಅಂತ ಕೇಳಿದರು. ಅದೊಂದು ನಿಜವಾದ ಪ್ರಶ್ನೆ, ವ್ಯಂಗ್ಯವಲ್ಲ. ಅವರಿಗೆ ರೋಗದ ಗುರುತು ತಿಳಿದುಕೊಳ್ಳಬೇಕಿತ್ತು.

ವಾರದೊಳಗೆ ತಾರಸಿ ಪೂರ್ತಿ ಕುಸಿಯಿತು. ಕೊಳೆತ ಆಲೂಗಡ್ಡೆ ಗಿಡದ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮಾರ್ಕೆಟ್ಟಿನ ಕೊಚ್ಚೆ ಮಲ್ಲಿಗೆಯೆನಿಸುತ್ತದೆ. ಗಡ್ಡೆಯನ್ನಾದರೂ ಉಳಿಸೋಣ ಅಂತ ಆ ಒದ್ದೆಯಲ್ಲೇ ಅಗೆದೆ. ಇದೂ ತಪ್ಪಂತೆ. ಕಪ್ಪಾದ ದಂಟನ್ನು ಬುಡಕ್ಕೆ ಕತ್ತರಿಸಿ ತೆಗೆದು, ಎರಡು ವಾರ ಗಡ್ಡೆಯನ್ನು ಮಣ್ಣಲ್ಲೇ ಬಿಟ್ಟಿದ್ದರೆ ಸಿಪ್ಪೆ ಗಟ್ಟಿಯಾಗಿ, ಮೇಲಿನ ಬೀಜಕಗಳೂ ಸಾಯುತ್ತಿದ್ದವು. ಮೊದಲೇ ಬುಡಕ್ಕೆ ಚೆನ್ನಾಗಿ ಮಣ್ಣು ಏರಿಸಿದ್ದರೆ ಎಲೆಯಿಂದ ತೊಳೆದು ಬಂದ ರೋಗ ಗಡ್ಡೆಗೆ ಇಳಿಯುತ್ತಲೂ ಇರಲಿಲ್ಲ. ಸಿಕ್ಕಿದ ಪುಟ್ಟ ಗಡ್ಡೆಗಳನ್ನು ಹೆಮ್ಮೆಯಿಂದ ಅಡುಗೆಮನೆಯ ಬುಟ್ಟಿಯಲ್ಲಿ ಮಾರ್ಕೆಟ್ಟಿನ ಆಲೂಗಡ್ಡೆ ಜೊತೆ ಸೇರಿಸಿದೆ. ಕೆಲವೇ ದಿನಕ್ಕೆ ಬುಟ್ಟಿಯ ತಳದಿಂದ ನೀರು ಹರಿಯಿತು, ಮಾರ್ಕೆಟ್ಟಿನವೂ ಹೋದವು. ಬೆಳೆದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಆ ರಾತ್ರಿ ಸಮಾಧಾನಕ್ಕೆ ಹೆಂಡತಿಗೆ ಐರ್ಲೆಂಡಿನ ಕಥೆ ಹೇಳಿದೆ. 1845ರಲ್ಲಿ ಇದೇ ರೋಗ ಅಲ್ಲಿಗೆ ಬಂದದ್ದು, ಜನ ಹೆಚ್ಚುಕಡಿಮೆ ಆಲೂಗಡ್ಡೆಯನ್ನೇ ನಂಬಿದ್ದದ್ದು, ಬೆಳೆ ಮತ್ತೆ ಮತ್ತೆ ಹೋದದ್ದು, ಧಾನ್ಯ ಹೊರದೇಶಕ್ಕೆ ಸಾಗುತ್ತಲೇ ಇದ್ದದ್ದು, ಸುಮಾರು ಹತ್ತು ಲಕ್ಷ ಜನ ಹಸಿವು-ಜ್ವರಗಳಿಗೆ ಸತ್ತು ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದ್ದು. ಅವಳು ಪೂರ್ತಿ ಕೇಳಿದಳು. ಪಾಪ ಅಂದಳು. ಆಮೇಲೆ, “ಅವರಿಗೆ ಸಿಟಿ ಮಾರ್ಕೆಟ್ ಇರ್ಲಿಲ್ಲ. ನಿಮಗಿದೆ. ನಾಳೆ ಚೀಲ ತಗೊಂಡ್ ಹೋಗ್ಬನ್ನಿ” ಅಂದಳು.

ಇಲ್ಲಿಗೆ ಮುಗಿದಿದ್ದರೆ ನಷ್ಟ ನನ್ನೊಬ್ಬನದೇ. ಸತ್ತ ಗಿಡಗಳನ್ನು ಏನು ಮಾಡುವುದು? ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸಾಗಿಸಬೇಕಿತ್ತು. ನಾನು ಪರಿಸರಪ್ರೇಮಿ. ತಾರಸಿಯ ಮೂಲೆಯ ಗೊಬ್ಬರದ ಡ್ರಮ್ಮಿಗೆ ಹಾಕಿ ಮುಚ್ಚಳ ತೆಗೆದಿಟ್ಟೆ, ಗಾಳಿಯಾಡಲಿ ಅಂತ. ಗಾಳಿ ಆಡಿತು. ಗಾಳಿ ಬೀಸುತ್ತಿದ್ದದ್ದು ಮೇಷ್ಟರ ತಾರಸಿಯ ಕಡೆಗೆ. ಈ ರೋಗ ಜೀವಂತ ಗಿಡ-ಗಡ್ಡೆಗಳಲ್ಲಿ ಬದುಕುತ್ತದೆ. ನನ್ನ ಡ್ರಮ್ಮಿನಲ್ಲಿ ಅರೆಜೀವದ ಗಡ್ಡೆಗಳೂ ಇದ್ದವು, ಅವು ಮೆಲ್ಲಗೆ ಚಿಗುರೊಡೆದು ರೋಗಕ್ಕೆ ವಸತಿ ಕೊಟ್ಟವು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನಿಂದ ಹುಟ್ಟಿದ ಬಡಾವಣೆಗಳು ಅಂತ ಅಲ್ಲಿನವರು ಹೇಳಿಕೊಳ್ಳುತ್ತಾರೆ. ನಮ್ಮ ಚಾಮರಾಜಪೇಟೆ 1892ರದ್ದು, ಪ್ಲೇಗಿಗಿಂತ ಮುಂಚಿನದ್ದು. ಹಾಗಾಗಿ ನಮಗೆ ಹೇಳಿಕೊಳ್ಳಲು ಒಂದು ಮಾರಿಯ ಕೊರತೆಯಿತ್ತು. ಅದನ್ನು ನಾನು ತುಂಬಿಸಿದೆ.

ಮೇಷ್ಟ್ರು ಬೆಳಗಿನ ಕಾಫಿಯ ಹೊತ್ತಿಗೆ ಎಲೆ ಮಗುಚಿದಾಗ ಬಿಳಿ ಕಂಡಿತು. ಆ ಕ್ಷಣವೇ ಆ ಗಿಡ ಕಿತ್ತು ಚೀಲದಲ್ಲಿ ಕಟ್ಟಿದರು. ಮಿಕ್ಕವಕ್ಕೆ ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ ಮ್ಯಾಂಕೋಜೆಬ್ ಹೊಡೆದರು, ಎಲೆಯ ಕೆಳಮೈಗೂ ತಾಗುವ ಹಾಗೆ. ಮಳೆ ನೀರು ಬೀಳದಂತೆ ಮೇಲೆ ಪ್ಲಾಸ್ಟಿಕ್ ಹಾಳೆಯ ಚಪ್ಪರ ಕಟ್ಟಿದರು. ಮೂರೋ ನಾಲ್ಕೋ ಗಿಡ ಉಳಿದವು, ಹಣ್ಣೂ ಬಂತು. ನನಗೊಂದು ಬಟ್ಟಲು ಟೊಮೇಟೊ ಕಳಿಸಿದರು. ಹೆಂಡತಿ ಅದರಲ್ಲಿ ಗೊಜ್ಜು ಮಾಡಿದಳು. ನಾನು ಹೊಗಳಲೂ ಇಲ್ಲ, ಹೆಚ್ಚು ಹಾಕಿಸಿಕೊಳ್ಳದೆಯೂ ಇರಲಿಲ್ಲ.

ಈಗ ನಾನು ಅರ್ಕಾ ಅಭೇದ್ ಬೀಜ ತಂದಿದ್ದೇನೆ. ಅದೂ ಹೆಸರಘಟ್ಟದ್ದೇ, ಮೂರರ ಜೊತೆ ಕೊನೆಯ ಅಂಗಮಾರಿಯನ್ನೂ ಸೇರಿಸಿ ನಾಲ್ಕು ರೋಗಕ್ಕೆ ನಿರೋಧಕ. ಈ ಸಲ ನಾಲ್ಕನ್ನೂ ಹೆಸರು ಹಿಡಿದು ಕಲಿತಿದ್ದೇನೆ. ಐದನೆಯದನ್ನು ಕೇಳುವ ಮೊದಲೇ ಮೇಷ್ಟ್ರಿಗೆ ಒಂದು ಪೊಟ್ಟಣ ಕೊಟ್ಟುಬಿಟ್ಟೆ. ಅವರು ಅದನ್ನು ಇಟ್ಟುಕೊಂಡು, ನನ್ನಿಂದ ಬೇರೆಯದೇ ಒಂದು ಉಪಕಾರ ಕೇಳಿದರು. ನಿಮ್ಮ ತಾರಸಿಯ ಮೂಲೆಯಲ್ಲಿ ಒಂದೇ ಒಂದು ಮಾರ್ಕೆಟ್ ಆಲೂಗಡ್ಡೆ ನೆಡಿ, ಔಷಧಿ ಹೊಡೆಯಬೇಡಿ, ಮಜ್ಜಿಗೆಯನ್ನೂ ಹೊಡೆಯಬೇಡಿ ಅಂತ. ರೋಗ ಬೀದಿಗೆ ಬಂದರೆ ಮೊದಲು ತಾಗುವುದು ಅದಕ್ಕೆ. ಅದರ ಎಲೆ ಕೆಳಗೆ ಬಿಳಿ ಕಂಡ ದಿನವೇ ಅವರು, ಪಕ್ಕದವರು, ಆಚೆ ಬೀದಿಯ ಕುಂಡದವರು ಎಲ್ಲ ಔಷಧಿ ಹೊಡೆದುಕೊಳ್ಳುತ್ತಾರೆ. ನಾನು ಮಾಡಬೇಕಾದ್ದು ಇಷ್ಟು: ಕಂಡ ಕೂಡಲೇ ಅವರಿಗೆ ಹೇಳಿ, ಗಿಡ ಕಿತ್ತು, ಚೀಲದಲ್ಲಿ ಕಟ್ಟುವುದು.

“ದೊಡ್ಡ ಜವಾಬ್ದಾರಿ ಮೇಷ್ಟ್ರೇ. ನಾನು ಗಮನಿಸದೆ ಹೋದ್ರೆ?”

“ನೀವು ನೆಡಿ ರಾಯರೇ, ಸಾಕು. ನೋಡೋದಕ್ಕೆ ನಿಮ್ಮ ಮನೆಯವ್ರಿಗೆ ಹೇಳಿದ್ದೀನಿ.”